ಬಂಡೆ ಗುಡ್ಡ ಹತ್ತುವವರ ದುರ್ಬೀನು ಗಟ್ಟಿ ಇದೆಯೋ ಇಲ್ಲವೋ ಹೇಗೆ ನೋಡಬೇಕು?

ಆನೆಗೊಂದಿ_ಗೈಡ್

ಎಲ್ಲರಿಗೂ ನಮಸ್ಕಾರ. ಆನೆಗೊಂದಿ, ಸಾಣಾಪುರ ಕಡೆ ಬರುವವರಿಗೆ ಹಕ್ಕಿ, ಕರಡಿ ತೋರಿಸುವುದು ನನ್ನ ಕೆಲಸ. ಬೆಳಿಗ್ಗೆ ಹಳದಿ ಕೊರಳಿನ ಪಿಕಳಾರ ಹುಡುಕಿಕೊಂಡು ಬಂಡೆ ಹತ್ತುತ್ತೇವೆ. ಮಧ್ಯಾಹ್ನ ಹೊಳೆ ದಾಟಿ ದರೋಜಿ ಕರಡಿಧಾಮಕ್ಕೆ ಹೋಗುತ್ತೇವೆ. ಕಲ್ಲು ಸಮಾಧಿ ನೋಡಬೇಕು ಅನ್ನುವವರನ್ನು ಹಿರೇಬೆಣಕಲ್ಲಿನ ಮೋರ್ಯರ ಗುಡ್ಡಕ್ಕೂ ಕರೆದುಕೊಂಡು ಹೋಗುತ್ತೇನೆ. ಎಲ್ಲ ಕಡೆ ಎರಡೂ ಕೈ ಊರಿ ಹತ್ತಬೇಕಾದ ಜಾಗಗಳೇ.

ನನ್ನ ಬಳಿ ಇದ್ದದ್ದು 8×42 ದುರ್ಬೀನು, ಅಂದರೆ 8 ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 42 ಮಿಲಿಮೀಟರ್ ಅಗಲ ಇರುವಂಥದ್ದು. ಮೋರ್ಯರ ಗುಡ್ಡ ಇಳಿಯುವಾಗ ಪಟ್ಟಿ ಸಿಕ್ಕಿಸುವ ಪ್ಲಾಸ್ಟಿಕ್ ಕಿವಿ ಮುರಿದು, ಸೊಂಟದ ಎತ್ತರದಿಂದ ಬಂಡೆ ಮೇಲೆ ಬಿತ್ತು. ಗಾಜು ಒಡೆದಿಲ್ಲ. ರಬ್ಬರ್ ಮೇಲೆ ಒಂದು ಗೀರೂ ಇಲ್ಲ. ಆದರೆ ಆವತ್ತಿನಿಂದ ಅದರಲ್ಲಿ ಐದು ನಿಮಿಷ ನೋಡಿದರೆ ಹಣೆ ಹಿಡಿದುಕೊಳ್ಳುತ್ತದೆ. ದರೋಜಿಯ ವೀಕ್ಷಣಾ ಗೋಪುರದಲ್ಲಿ ಒಬ್ಬ ಅತಿಥಿ ನೋಡಿ "ಎರಡು ಕರಡಿ ಇವೆ" ಅಂದರು. ಇದ್ದದ್ದು ಒಂದೇ. ಕಂಪನಿಯವರಿಗೆ ಬರೆದೆ. ಬಿದ್ದ ಮಾಲಿಗೆ ವಾರಂಟಿ ಇಲ್ಲ ಅಂದುಬಿಟ್ಟರು. ಡಬ್ಬದ ಮೇಲೆ ಮಾತ್ರ "ಶಾಕ್‌ಪ್ರೂಫ್" ಅಂತ ದಪ್ಪಗೆ ಬರೆದಿದೆ.

ಈಗ ಹೊಸದು ತಗೊಳ್ಳಬೇಕು. ಹದಿನೈದು ಸಾವಿರದವರೆಗೆ ಹಾಕಬಲ್ಲೆ. ಮಾದರಿ ಹೆಸರು ಹೇಳಿ ಅಂತ ಕೇಳುತ್ತಿಲ್ಲ. ಗಟ್ಟಿ ಇದೆಯೋ ಇಲ್ಲವೋ ಅಂತ ನಾನೇ ಪರೀಕ್ಷೆ ಮಾಡುವುದು ಹೇಗೆ, ಅದನ್ನು ಹೇಳಿ. ಹೊರದೇಶದ ಬೆಟ್ಟಗಳಲ್ಲಿ ಬೇಟೆಯಾಡುವವರು ರೈಫಲ್ ಸ್ಕೋಪನ್ನು (ಗುರಿ ಹಿಡಿಯಲು ಬಂದೂಕಿನ ಮೇಲೆ ಕೂರಿಸುವ ದೂರದರ್ಶಕ) ನೆಲಕ್ಕೆ ಬೀಳಿಸಿ ಪರೀಕ್ಷೆ ಮಾಡುವ ವಿಡಿಯೊ ನೋಡಿದೆ. ಅಂಥದ್ದು ದುರ್ಬೀನಿಗೂ ನಡೆಯುತ್ತದಾ? ಗೆಳೆಯನೊಬ್ಬ "ಸ್ಕೋಪೇ ತಗೊಂಡುಬಿಡು, ಬಂದೂಕಿನ ಒದೆ ತಡೆಯೋದು ಬಂಡೆ ಏಟು ತಡೆಯಲ್ವಾ?" ಅನ್ನುತ್ತಿದ್ದಾನೆ.

ಸಂಡೂರು_ಕಾಡು

ಅಣ್ಣಾ, ಸ್ಕೋಪಿನ ಯೋಚನೆ ಬಿಟ್ಟುಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮಲ್ಲಿ ಬೇಟೆ ನಿಷೇಧ. ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಆಯುಧ ಒಯ್ಯುವಂತಿಲ್ಲ. ಸ್ಕೋಪ್ ಆಯುಧ ಅಲ್ಲ, ನಿಜ. ಆದರೆ ಕರಡಿಧಾಮದ ಗೇಟಿನಲ್ಲಿ ಬ್ಯಾಗಿನಿಂದ ಅದು ಹೊರಬಂದರೆ ಬಂದೂಕು ಎಲ್ಲಿ ಅಂತ ಕೇಳದೆ ಬಿಡುತ್ತಾರಾ? ಅತಿಥಿಗಳ ಮುಂದೆ ಆ ಪಾಡು ಬೇಡ.

ಹಳೇ_ಮೆಕ್ಯಾನಿಕ್, ಕೊಪ್ಪಳ

ತಮ್ಮಾ, ನಾನು ಸೈನ್ಯದಲ್ಲಿ, ಯಂತ್ರ-ಉಪಕರಣ ರಿಪೇರಿ ಮಾಡುವ ಇಎಂಇ ವಿಭಾಗದಲ್ಲಿ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಆಗಿದ್ದವನು. ದುರ್ಬೀನು, ಬಂದೂಕಿನ ಸೈಟು, ದಿಕ್ಸೂಚಿ, ಇವೇ ನನ್ನ ಕೈಯಲ್ಲಿ ಓಡಾಡಿದವು. ನಿನ್ನ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ಅಂಗಡಿಯವರು ಇದನ್ನು ಹೇಳುವುದಿಲ್ಲ.

ಮೊದಲು ನಿನ್ನ ಹಣೆನೋವು. ನಿನ್ನ ದುರ್ಬೀನಿನೊಳಗೆ ಪ್ರಿಸಂ, ಅಂದರೆ ಬೆಳಕನ್ನು ತಿರುಗಿಸುವ ಗಾಜಿನ ತುಂಡು, ಕೂದಲೆಳೆಯಷ್ಟು ಜರುಗಿದೆ. ಎರಡೂ ನಳಿಗೆ ಒಂದೇ ಕಡೆ ನೋಡಬೇಕು. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಲ್ಲಿ ಒಂದು ದಾರಿ ಬಿಟ್ಟು ಎಳೆದಂತೆ ಆಗಿದೆ ಈಗ. ನಮ್ಮ ಕಣ್ಣು ಎರಡೂ ಒಳಗಡೆಗೆ ಸುಲಭವಾಗಿ ತಿರುಗುತ್ತವೆ, ಹತ್ತಿರದ್ದು ಓದುವಾಗ ಅದನ್ನೇ ಮಾಡುತ್ತವೆ. ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ ನೋಡು ಅಂದರೆ ಮಾತ್ರ ಆಗುವುದಿಲ್ಲ. ಆದರೂ ಮಿದುಳು ಸುಮ್ಮನಿರದೆ ಎರಡನ್ನೂ ಎಳೆದು ಸೇರಿಸಲು ನೋಡುತ್ತದೆ. ಹಣೆ ಹಿಡಿಯುವುದು ಅದಕ್ಕೇ. ಏರುಪೇರು ಇನ್ನೂ ಜಾಸ್ತಿ ಇದ್ದರೆ ಸೇರಿಸಲು ಆಗದೆ ಒಂದು ಕರಡಿ ಎರಡಾಗುತ್ತದೆ. ಒಂದು ಕಡೆಯ ಗಾಜನ್ನು ಕೈಯಿಂದ ಮುಚ್ಚಿ ನೋಡು. ನೋವು ಇಲ್ಲದೆ ಸ್ಪಷ್ಟವಾಗಿ ಕಂಡರೆ ನಾನು ಹೇಳಿದ್ದೇ ಸರಿ.

ರಿಪೇರಿ ಬೆಂಚಿಗೆ ಬರುತ್ತಿದ್ದ ದುರ್ಬೀನುಗಳಲ್ಲಿ ಗಾಜು ಒಡೆದವು ಕಡಿಮೆ, ಜೋಡಣೆ ತಪ್ಪಿದವೇ ಜಾಸ್ತಿ. ಹೊರಗಿನಿಂದ ಹೊಸದರಂತೆ ಇರುತ್ತಿದ್ದವು. ಜೋಡಣೆ ಪರೀಕ್ಷಿಸುವ ಕಾಲಿಮೇಟರ್ ಎಂಬ ಉಪಕರಣದ ಮುಂದೆ ಇಟ್ಟಾಗ ಒಂದು ಕಡೆಯ ಗೆರೆ ಇನ್ನೊಂದಕ್ಕಿಂತ ಕೆಳಗೆ ಕೂತಿರುತ್ತಿತ್ತು. ಹಾಗಾಗಿ "ಒಡೆಯುತ್ತದಾ" ಅನ್ನುವ ಪ್ರಶ್ನೆ ಬಿಡು. "ಏಟು ಬಿದ್ದಮೇಲೂ ಮೊದಲು ನೋಡಿದ ಕಡೆಗೇ ನೋಡುತ್ತದಾ" ಅಂತ ಕೇಳು.

ನೀನು ವಿಡಿಯೊದಲ್ಲಿ ನೋಡಿದ್ದೂ ಇದನ್ನೇ. ರೈಫಲ್ ಸ್ಕೋಪಿನೊಳಗೆ ಒಂದು ಸಣ್ಣ ನಳಿಗೆ ಇರುತ್ತದೆ. ಅದನ್ನು ಒಂದು ಸ್ಪ್ರಿಂಗ್ ಎರಡು ಸ್ಕ್ರೂಗಳ ತುದಿಗೆ ಒತ್ತಿ ಹಿಡಿದಿರುತ್ತದೆ. ಮೇಲಿನ ಗುಂಡಿ ತಿರುಗಿಸಿದರೆ ಆ ಸ್ಕ್ರೂ ಸರಿದು ಗುರಿ ಬದಲಾಗುತ್ತದೆ. ಏಟು ಬಿದ್ದಾಗ ಸ್ಪ್ರಿಂಗ್ ಸೋತರೆ ಒಳನಳಿಗೆ ತಿರುಗಿ ಅದೇ ಜಾಗಕ್ಕೆ ಬಂದು ಕೂರುವುದಿಲ್ಲ. ಒಂದು ಮಿನಿಟಿನ ಕೋನ, ಅಂದರೆ ಡಿಗ್ರಿಯ 60ನೇ ಒಂದು ಪಾಲು ತಪ್ಪಿದರೂ 100 ಮೀಟರಿಗೆ ಸುಮಾರು 3 ಸೆಂಟಿಮೀಟರ್, 300 ಮೀಟರಿಗೆ ಸುಮಾರು 9 ಸೆಂಟಿಮೀಟರ್ ಆಚೆ ಹೋಗುತ್ತದೆ. ಅದಕ್ಕೇ ಅವರು ಮೊದಲು ಗುರಿಹಲಗೆಗೆ ಹೊಡೆಯುತ್ತಾರೆ. ಆಮೇಲೆ ಬಂದೂಕಿನ ಸಮೇತ, ಸ್ಕೋಪಿನ ಎಡಬದಿ, ಬಲಬದಿ, ಮೇಲ್ಬದಿ ನೆಲಕ್ಕೆ ತಾಗುವಂತೆ ಬೀಳಿಸುತ್ತಾರೆ. ಗುಂಡಿಗೆ ಕೈ ಹಚ್ಚದೆ ಮತ್ತೆ ಹೊಡೆಯುತ್ತಾರೆ. ಗಾಜು ಸರಿಯಿದೆ, ಚಿತ್ರ ಚೆಂದ ಕಾಣುತ್ತದೆ ಅನ್ನುವುದು ಅಲ್ಲಿ ಲೆಕ್ಕಕ್ಕೇ ಇಲ್ಲ. ಗುಂಡು ಮೊದಲಿನ ಜಾಗಕ್ಕೇ ಬಿತ್ತಾ, ಅದೊಂದೇ ಮಾತು. ಎಷ್ಟೋ ಸಲ ತಪ್ಪು ಸ್ಕೋಪಿನದ್ದಲ್ಲ, ಅದನ್ನು ಹಿಡಿದ ಬಳೆಯ ಸ್ಕ್ರೂ ಸಡಿಲ ಆಗಿರುತ್ತದೆ. ನಾವು ಸ್ಕ್ರೂ ತಲೆಯಿಂದ ಬಳೆಯವರೆಗೆ ಬಣ್ಣದ ಗೆರೆ ಎಳೆದಿಡುತ್ತಿದ್ದೆವು. ಗೆರೆ ಮುರಿದಿದ್ದರೆ ಸ್ಕ್ರೂ ತಿರುಗಿದೆ ಅಂತ ಒಂದೇ ನೋಟಕ್ಕೆ ತಿಳಿಯುತ್ತಿತ್ತು.

ನಿನ್ನ ಗೆಳೆಯನ ಮಾತಿಗೆ ಉತ್ತರವೂ ಇಲ್ಲೇ ಇದೆ. ಒದೆ ತಡೆಯುವ ಸ್ಕೋಪ್ ಎಲ್ಲ ಏಟನ್ನೂ ತಡೆಯುತ್ತದೆ ಅಂತ ಇಲ್ಲ. ದೊಡ್ಡ ರೈಫಲ್ ಹಿಂದಕ್ಕೆ ಒದೆಯುತ್ತದೆ. ಸ್ಪ್ರಿಂಗ್ ಹಾಕಿದ ಏರ್‌ಗನ್ ಹಿಂದಕ್ಕೂ ಒದೆಯುತ್ತದೆ, ಆ ಕ್ಷಣವೇ ಮುಂದಕ್ಕೂ ಜಗ್ಗುತ್ತದೆ. ದೊಡ್ಡ ರೈಫಲಿನಲ್ಲಿ ವರ್ಷಗಟ್ಟಲೆ ಬಾಳಿದ ಸ್ಕೋಪ್ ಈ ಸಣ್ಣ ಏರ್‌ಗನ್ ಮೇಲೆ ಕೆಟ್ಟುಹೋಗುವುದು ಉಂಟು. ಏಟು ಯಾವ ಕಡೆಯಿಂದ ಬರುತ್ತದೆ ಅನ್ನುವುದೂ ಮುಖ್ಯ. ಬಂಡೆ ಏಟು ಬರುವುದು ಅಡ್ಡಡ್ಡ.

ಇನ್ನು ಅಂಗಡಿಯಲ್ಲಿ ಏನು ಮಾಡಬೇಕು. ಬೀಳಿಸಬೇಡ, ಅದು ನಿನ್ನ ದುಡ್ಡಿನ ಮಾಲಲ್ಲ. ಬಾಗಿಲಿಗೆ ಬಾ. ದೂರದ ಕರೆಂಟ್ ತಂತಿಯೋ, ಮಾಳಿಗೆಯ ಅಂಚೋ, ಒಂದು ಅಡ್ಡಗೆರೆ ಹುಡುಕು. ದುರ್ಬೀನಿನಲ್ಲಿ ಅದನ್ನು ನೋಡುತ್ತಾ, ದುರ್ಬೀನನ್ನು ನಿಧಾನವಾಗಿ ಕಣ್ಣಿನಿಂದ ಒಂದು ಗೇಣು ದೂರ ಸರಿಸು. ಈಗ ಎರಡು ಬೇರೆ ಬೇರೆ ಬೆಳಕಿನ ಬಿಲ್ಲೆ ಕಾಣುತ್ತವೆ. ಎಡ ಬಿಲ್ಲೆಯ ತಂತಿ ಬಲ ಬಿಲ್ಲೆಯ ತಂತಿಗೆ ನೇರ ಕೂಡಬೇಕು. ಒಂದು ಮೇಲೆ, ಒಂದು ಕೆಳಗೆ ಇದ್ದರೆ ಆ ಪೀಸ್ ಬೇಡ. ಕಣ್ಣಿಗೆ ಒತ್ತಿ ಹಿಡಿದಾಗ ಇದು ಗೊತ್ತಾಗುವುದಿಲ್ಲ, ಮಿದುಳು ಮುಚ್ಚಿಹಾಕುತ್ತದೆ.

ತಂತಿ ನೋಡಿದಮೇಲೆ ದುರ್ಬೀನನ್ನು ಅಂಗೈಗೆ ನಾಲ್ಕು ಕಡೆಯಿಂದ ತಟ್ಟಿ, ಅದೇ ತಂತಿಯನ್ನು ಮತ್ತೆ ನೋಡು. ಅಂಗೈ ಏಟಿಗೇ ಜರುಗುವಂಥದ್ದು ನಿಜವಾಗಿಯೂ ಅಂಗಡಿಗಳಲ್ಲಿದೆ. ಕಿವಿ ಹತ್ತಿರ ಹಿಡಿದು ಅಲುಗಾಡಿಸು, ಒಳಗೆ ಟಿಕ್ ಅನ್ನಬಾರದು. ಒಂದು ನಳಿಗೆ ಹಿಡಿದು ಇನ್ನೊಂದನ್ನು ಗಾಳಿಯಲ್ಲಿ ಬಿಡು. ಅದು ತನ್ನ ಭಾರಕ್ಕೇ ಕೆಳಗೆ ಬಂದರೆ ನಡುವಿನ ಕೀಲು ಸಡಿಲ. ಎರಡೂ ನಳಿಗೆ ಹಿಡಿದು ಮೆಲ್ಲಗೆ ಬಟ್ಟೆ ಹಿಂಡುವ ಕಡೆಗೆ ತಿರುಚು, ಆಟ ಇರಬಾರದು. ಆಮೇಲೆ ಪಟ್ಟಿಯ ಕಿವಿ ನೋಡು. ಮೈಯ ಜೊತೆ ಒಂದೇ ಎರಕವೋ, ಆಮೇಲೆ ಅಂಟಿಸಿದ್ದೋ, ಲೋಹವೋ, ಬರಿ ಪ್ಲಾಸ್ಟಿಕ್ಕೋ. ನಿನ್ನದು ಬಿದ್ದದ್ದೇ ಅಲ್ಲಿಂದ.

ಆನ್‌ಲೈನ್ ತರಿಸಿದರೆ ರಿಟರ್ನ್ ದಿನ ಮುಗಿಯುವ ಮೊದಲು ಒಂದು ರಾತ್ರಿ ಪರೀಕ್ಷೆ ಮಾಡು. ದೂರದಲ್ಲಿ ಒಂದೇ ಒಂದು ಚುಕ್ಕಿ ಬೆಳಕು ಬೇಕು. ನಕ್ಷತ್ರ ಆದೀತು, ಕುಡಿತಿನಿ ವಿದ್ಯುತ್ ಸ್ಥಾವರದ ಚಿಮಣಿ ಮೇಲಿನ ಕೆಂಪು ದೀಪದಂಥದ್ದಾದರೂ ಆದೀತು. ಬಲಗಣ್ಣಿನ ಡಯಾಪ್ಟರ್ ಬಳೆಯನ್ನು (ಆ ಒಂದು ಕಣ್ಣಿಗೆ ಮಾತ್ರ ಫೋಕಸ್ ಸರಿಮಾಡುವ ಬಳೆ) ಪೂರ್ತಿ ತಿರುಗಿಸಿ ಆ ಕಡೆ ಮಸುಕು ಮಾಡು. ಈಗ ಎರಡೂ ಕಣ್ಣಲ್ಲಿ ನೋಡಿದರೆ ಎಡಗಣ್ಣಿನ ಚೂಪು ಚುಕ್ಕಿ ಬಲಗಣ್ಣಿನ ಮಸುಕು ಬಿಲ್ಲೆಯ ನಡುವೆ ಕೂರಬೇಕು. ಅಂಚಿಗೆ ಹೋದರೆ, ಅದರಲ್ಲೂ ಮೇಲೆ ಅಥವಾ ಕೆಳಗೆ ಹೋದರೆ, ವಾಪಸ್ ಕಳಿಸು.

ಡಬ್ಬದ ಮೇಲಿನ ಮಾತುಗಳನ್ನು ಬಿಡಿಬಿಡಿಯಾಗಿ ಓದಬೇಕು. ಐಪಿಎಕ್ಸ್7 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇಟ್ಟರೆ ನೀರು ಒಳಗೆ ಹೋಗುವುದಿಲ್ಲ ಅಂತ. ಎಕ್ಸ್ ಇರುವ ಜಾಗ ಧೂಳಿನದ್ದು, ಅಲ್ಲಿ ಪರೀಕ್ಷೆಯೇ ಹೇಳಿಲ್ಲ. ಐಪಿ67 ಅಂತಿದ್ದರೆ ಧೂಳಿಗೂ ಭರವಸೆ. ನೈಟ್ರೋಜನ್ ತುಂಬಿದ್ದು ಒಳಗೆ ಮಂಜು ಕಟ್ಟದಿರಲಿ ಅಂತ, ಅದಕ್ಕೂ ಗಟ್ಟಿತನಕ್ಕೂ ಸಂಬಂಧ ಇಲ್ಲ. ರಬ್ಬರ್ ಹೊದಿಕೆ ಕೈ ಜಾರದಿರಲು, ಸಣ್ಣ ಏಟಿಗೆ. ಒಳಗಿನ ಪ್ರಿಸಂ ಕಟ್ಟಿದ ರೀತಿ ಗಟ್ಟಿ ಇಲ್ಲದಿದ್ದರೆ ರಬ್ಬರ್ ಏನೂ ಮಾಡಲಾರದು. ಮಿಲ್-ಎಸ್‌ಟಿಡಿ-810 ಅಂತ ಕೆಲವರು ಬರೆಯುತ್ತಾರೆ. ಅದು ಅಮೆರಿಕದ ಸೈನ್ಯದ ಪರೀಕ್ಷಾ ಕ್ರಮ. ಅದರಲ್ಲಿ 122 ಸೆಂಟಿಮೀಟರ್ ಎತ್ತರದಿಂದ 26 ಸಲ ಬೀಳಿಸುವ ಪರೀಕ್ಷೆಯೊಂದಿದೆ. ಆದರೆ ಆ 26 ಸಲವನ್ನು ಐದು ಪೀಸುಗಳಿಗೆ ಹಂಚಲು ಅಲ್ಲೇ ಅವಕಾಶ ಇದೆ. ಯಾವ ಪರೀಕ್ಷೆ, ಎಷ್ಟು ಪೀಸ್, ಆಮೇಲೆ ಜೋಡಣೆ ಅಳೆದರಾ ಅಂತ ಬರೆಯದೆ ಬರಿ ನಂಬರ್ ಹಾಕಿದ್ದರೆ ಅದಕ್ಕೆ ನಾನು ಬೆಲೆ ಕೊಡುವುದಿಲ್ಲ.

ರಾಯಚೂರು_ಬಿಸಿಲು

ಕಾಕಾ ಬರೆದದ್ದು ಪ್ರಿಂಟ್ ತೆಗೆದಿಟ್ಟುಕೊಳ್ಳುವಂತಿದೆ. ನನ್ನದೊಂದು ಮಾತು ಸೇರಿಸುತ್ತೇನೆ. ನಮ್ಮ ಕಡೆ ದುರ್ಬೀನನ್ನು ಬಂಡೆಗಿಂತ ಜಾಸ್ತಿ ಕೊಲ್ಲುವುದು ಬಿಸಿಲು. ಮೇ ತಿಂಗಳಲ್ಲಿ 45 ಡಿಗ್ರಿ ಮುಟ್ಟುವ ಊರಿನಲ್ಲಿ, ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ 60 ದಾಟುತ್ತದೆ. ಡ್ಯಾಶ್‌ಬೋರ್ಡ್ ಮೇಲೆ ಇಟ್ಟ ದುರ್ಬೀನಿನ ರಬ್ಬರ್ ಮೊದಲು ಜಿಗುಟಾಗುತ್ತದೆ, ಆಮೇಲೆ ಅಂಟು ಬಿಟ್ಟು ಉಬ್ಬುತ್ತದೆ. ಫೋಕಸ್ ಗಾಲಿಯ ಗ್ರೀಸ್ ತೆಳುವಾಗಿ ಹರಿದು ಒಳಗಾಜಿನ ಮೇಲೆ ಎಣ್ಣೆಯ ಮಬ್ಬು ಕೂರುತ್ತದೆ. ಅದನ್ನು ನೋಡಬೇಕಾದರೆ ಮುಂದಿನ ದೊಡ್ಡ ಗಾಜಿನಿಂದ ಮೊಬೈಲ್ ಟಾರ್ಚ್ ಬಿಟ್ಟು, ಹಿಂದಿನಿಂದ ಓರೆಯಾಗಿ ನೋಡಿ. ಮಬ್ಬು, ಧೂಳು, ಜೇಡರ ಬಲೆಯಂಥ ಬೂಷ್ಟು ಎಲ್ಲ ಎದ್ದು ಕಾಣುತ್ತದೆ. ಸೆಕೆಂಡ್‌ಹ್ಯಾಂಡ್ ತಗೊಳ್ಳುವವರು ಇದನ್ನು ಮಾಡದೆ ದುಡ್ಡು ಕೊಡಲೇಬೇಡಿ.

ಒಳಗಿನ ಸೀಲು ನಿಂತಿದೆಯೋ ನೋಡಲು ನಾನು ಫ್ರಿಜ್ ಬಳಸುತ್ತೇನೆ. ಅರ್ಧ ಗಂಟೆ ಒಳಗಿಟ್ಟು ಹೊರಗೆ ತೆಗೆದರೆ ಹೊರಗಾಜಿಗೆ ಮಂಜು ಕಟ್ಟುತ್ತದೆ, ಅದು ಸಹಜ. ಮೆಲ್ಲಗೆ ಒರೆಸಿ. ಮಂಜು ಒಳಗೂ ಇದ್ದರೆ ಸೀಲು ಹೋಗಿದೆ. ಮಳೆಗಾಲದಲ್ಲಿ ಚರ್ಮದ ಕೇಸಿನಲ್ಲಿಟ್ಟು ಬೀರುವಿನಲ್ಲಿ ಮುಚ್ಚಿಡಬೇಡಿ. ಚರ್ಮ ತೇವ ಹಿಡಿದಿಟ್ಟುಕೊಂಡು ಬೂಷ್ಟು ಬೆಳೆಸುತ್ತದೆ. ಗಾಳಿಯಾಡದ ಡಬ್ಬಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಸಾಕು.

ಸಂಡೂರು_ಕಾಡು

ಧೂಳಿನ ಬಗ್ಗೆ ಹೇಳಲೇಬೇಕು, ನಮ್ಮದು ಅದಿರು ಲಾರಿಗಳ ರಸ್ತೆ. ಸಂಜೆಗೆ ಗಾಜಿನ ಮೇಲೆ ಕೆಂಪು ಪದರ ಕೂತಿರುತ್ತದೆ. ಬಂಡೆ ಪುಡಿಯಲ್ಲಿರುವ ಬೆಣಚು ಗಾಜಿಗಿಂತ ಗಟ್ಟಿ, ಮೇಲಿನ ಲೇಪಕ್ಕಂತೂ ಕತ್ತಿ ಇದ್ದ ಹಾಗೆ. ಶರ್ಟಿನ ತುದಿಯಿಂದ, ಟವೆಲಿನಿಂದ ಒಣದಾಗಿ ಒರೆಸುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಮೊದಲು ರಬ್ಬರ್ ಬ್ಲೋಯರ್‌ನಿಂದ ಊದಿ, ಆಮೇಲೆ ಮೆತ್ತಗಿನ ಬ್ರಷ್, ಕೊನೆಗೆ ಬಟ್ಟೆ. ನಿಜವಾದ ವಾಟರ್‌ಪ್ರೂಫ್ ಆಗಿದ್ದರೆ ನಲ್ಲಿಯ ಸಣ್ಣ ಧಾರೆಯಲ್ಲಿ ತೊಳೆದುಬಿಡಬಹುದು. ದುಡ್ಡು ಕೊಟ್ಟು ವಾಟರ್‌ಪ್ರೂಫ್ ತಗೊಳ್ಳುವುದರ ಲಾಭ ನನ್ನ ಲೆಕ್ಕದಲ್ಲಿ ಮಳೆಗಿಂತ ಇದಕ್ಕೇ ಜಾಸ್ತಿ.

ಆನೆಗೊಂದಿ_ಗೈಡ್

ಎಲ್ಲರಿಗೂ ದೊಡ್ಡ ಧನ್ಯವಾದ. ಕಾಕಾ, ಒಂದು ಕಡೆ ಮುಚ್ಚಿ ನೋಡಿದೆ. ನೋವಿಲ್ಲ, ಸ್ಪಷ್ಟ ಕಾಣುತ್ತದೆ. ತಂತಿ ಪರೀಕ್ಷೆಯಲ್ಲಿ ಬಲಗಡೆಯದು ಒಂದು ಬೆರಳಿನಷ್ಟು ಕೆಳಗೆ ಇದೆ.

ಬಳ್ಳಾರಿಗೆ ಹೋಗಿ ಒಂದು ಅಂಗಡಿಯಲ್ಲಿ ನೋಡಿದೆ. ಒಂದೇ ಮಾದರಿಯ ಎರಡು ಹೊಸ ಪೀಸ್ ತೆಗೆಸಿದೆ. ಒಂದರಲ್ಲಿ ತಂತಿ ನೇರ ಕೂಡಿತು, ಇನ್ನೊಂದರಲ್ಲಿ ಡಬ್ಬ ಒಡೆದ ಕ್ಷಣವೇ ಏರುಪೇರು. ಅಂಗಡಿಯವರಿಗೂ ತೋರಿಸಿದೆ. ಅವರು ಅದನ್ನು ಪಕ್ಕಕ್ಕೆ ಎತ್ತಿಟ್ಟರು.

ಇನ್ನೆರಡು ಕೇಳಬೇಕು. ಭುಜ ಅಗಲ ಇರುವ ಹಳೇ ಮಾದರಿ ಅರ್ಧ ಬೆಲೆಗೆ ಸಿಗುತ್ತದೆ, ಚಿತ್ರವೂ ಚೆನ್ನಾಗಿದೆ. ನೇರ ನಳಿಗೆಯದಕ್ಕೆ ದುಬಾರಿ ಕೊಡಬೇಕಾ? ಮತ್ತೆ 8 ಪಟ್ಟಿನದ್ದೋ 10 ಪಟ್ಟಿನದ್ದೋ? ಕರಡಿ ದೂರ ಇರುತ್ತದೆ ಅಂತ ಎಲ್ಲರೂ 10 ಅನ್ನುತ್ತಾರೆ.

ಹಳೇ_ಮೆಕ್ಯಾನಿಕ್, ಕೊಪ್ಪಳ

ಅಗಲ ಭುಜದ್ದು ಪೊರೊ. ಕಡಿಮೆ ದುಡ್ಡಿಗೆ ಒಳ್ಳೆಯ ಚಿತ್ರ ಬೇಕೆಂದರೆ ಅದನ್ನು ಮೀರಿಸಿದ್ದು ಇಲ್ಲ. ಮನೆ ಮಾಳಿಗೆಯಿಂದ, ಕೆರೆ ದಂಡೆಯಿಂದ ನೋಡುವವರಿಗೆ ನಾನು ಅದನ್ನೇ ಹೇಳುತ್ತೇನೆ. ಅಂಕಸಮುದ್ರದ ಕೆರೆ ಏರಿ ಮೇಲೆ ನಿಂತು ಕೊಕ್ಕರೆ ನೋಡಲು ಅದಕ್ಕಿಂತ ಏನು ಬೇಕು? ನಿನ್ನ ಕೆಲಸಕ್ಕೆ ಮಾತ್ರ ಬೇಡ. ಅಗ್ಗದ ಪೊರೊದಲ್ಲಿ ಫೋಕಸ್ ತಿರುಗಿಸಿದಂತೆಲ್ಲ ಹಿಂದಿನ ಗಾಜಿನ ಜೋಡಿ ಹೊರಗೆ ಒಳಗೆ ಸರಿಯುತ್ತದೆ. ಪ್ರತಿ ಸಲ ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ, ಗಾಳಿಯ ಜೊತೆ ಸಂಡೂರಿನವರು ಹೇಳಿದ ಧೂಳೂ ಬರುತ್ತದೆ. ಆ ಜೋಡಿ ಕೂತಿರುವ ಸೇತುವೆಯೂ ತೆಳುವು. ಒಂದು ಕಣ್ಣಿನ ಕಡೆ ಒತ್ತಿದರೆ ಇನ್ನೊಂದು ಏಳುತ್ತದೆ. ಬಂಡೆಗೆ ತಾಗುವುದಕ್ಕೆ ಭುಜವೂ ಅಗಲ. ನೇರ ನಳಿಗೆಯದರಲ್ಲಿ ಫೋಕಸಿನ ಗಾಜು ಒಳಗೇ ಸರಿಯುತ್ತದೆ, ಹಾಗಾಗಿ ಸೀಲು ಮಾಡುವುದು ಸುಲಭ. ಪೊರೊದಲ್ಲೂ ಗಟ್ಟಿಯಾದವು ಇವೆ, ಸೈನ್ಯದಲ್ಲಿ ಅವುಗಳನ್ನೇ ಬಳಸಿದ್ದೇವೆ. ಆದರೆ ಅವು ಭಾರ, ನಿನ್ನ ಬಜೆಟ್ಟಿನವೂ ಅಲ್ಲ.

8 ತಗೋ. 42ನ್ನು 8ರಿಂದ ಭಾಗಿಸಿದರೆ 5.25, 10ರಿಂದ ಭಾಗಿಸಿದರೆ 4.2. ಕಣ್ಣಿಗೆ ಬರುವ ಬೆಳಕಿನ ಬಿಲ್ಲೆ ಅಷ್ಟು ಮಿಲಿಮೀಟರ್ ಅಗಲ. ದರೋಜಿಯಲ್ಲಿ ಹೊತ್ತು ಇಳಿದಮೇಲೆ ಕಪ್ಪು ಕರಡಿ ಕಪ್ಪು ಬಂಡೆ ನಡುವೆ ಓಡಾಡುವಾಗ ಆ ಒಂದು ಮಿಲಿಮೀಟರ್ ಕೆಲಸಕ್ಕೆ ಬರುತ್ತದೆ. ಮೊದಲ ಸಲ ದುರ್ಬೀನು ಹಿಡಿದ ಅತಿಥಿಯ ಕೈ ನಡುಗುತ್ತದೆ. 10ರಲ್ಲಿ ಆ ನಡುಕವೂ 10 ಪಟ್ಟು. 8ರಲ್ಲಿ ಕಾಣುವ ಜಾಗವೂ ಸಾಮಾನ್ಯವಾಗಿ ಅಗಲ. ಎಲ್ಲಿದೆ, ಎಲ್ಲಿದೆ ಅಂತ ಅತಿಥಿಗಳು ಹುಡುಕುತ್ತಾ ಕೂರುವುದು ತಪ್ಪುತ್ತದೆ.

ಆ ಒಂದು ಬೆರಳಿನ ವ್ಯತ್ಯಾಸ ಸಣ್ಣದಲ್ಲ. ಹೊಸದನ್ನು ಕೊರಳಿಗೆ ಉದ್ದ ಪಟ್ಟಿಯಲ್ಲಿ ಇಳಿಬಿಡಬೇಡ. ಬಗ್ಗಿ ಹತ್ತುವಾಗ ಅದು ತೂಗಾಡಿ ಬಂಡೆಗೆ ಬಡಿಯುತ್ತದೆ. ಬೀಳುವುದು ಎಂದೋ ಒಮ್ಮೆ, ಈ ಬಡಿತ ದಿನವೂ ಇದ್ದದ್ದೇ. ಹೆಗಲ ಮೇಲಿಂದ ಬೆನ್ನ ಹಿಂದೆ ಗುಣಿಸು ಗುರುತಿನಂತೆ ಹೋಗುವ ಎಲಾಸ್ಟಿಕ್ ಹಾರ್ನೆಸ್ ಸಿಗುತ್ತದೆ, ಅದು ದುರ್ಬೀನನ್ನು ಎದೆಗೆ ಒತ್ತಿ ಹಿಡಿಯುತ್ತದೆ. ಎರಡು ಸಾವಿರ ಅದಕ್ಕೆ ತೆಗೆದಿಟ್ಟು ಉಳಿದದ್ದರಲ್ಲಿ ದುರ್ಬೀನು ನೋಡು. ಮನೆ ಬಾಗಿಲಿನಿಂದ ಕಾಣುವ ಒಂದು ತಂತಿಯನ್ನು ಗೊತ್ತು ಮಾಡಿಕೋ. ಜೋರು ಏಟು ಬಿದ್ದಾಗೆಲ್ಲ ಅದರ ಮೇಲೆ ನೋಡು, ಅತಿಥಿಯ ಕೈಗೆ ಆಮೇಲೆ ಕೊಡು.

ಹಳೆಯದನ್ನು ಎಸೆಯಬೇಡ. ಬಲಗಡೆಗೆ ಮುಚ್ಚಳ ಹಾಕಿ ಒಂದೇ ಕಣ್ಣಲ್ಲಿ ಬಳಸಬಹುದು, ಅಲ್ಲಿಯವರೆಗೆ ಕೆಲಸ ನಿಲ್ಲುವುದಿಲ್ಲ. ಜೋಡಣೆಯನ್ನು ತಿದ್ದಲೂ ಬರುತ್ತದೆ. ಕೆಲವು ಮಾದರಿಗಳಲ್ಲಿ ರಬ್ಬರಿನ ಅಡಿಯಲ್ಲಿ ಸಣ್ಣ ಸ್ಕ್ರೂ ಇರುತ್ತದೆ. ನೇರ ನಳಿಗೆಯವುಗಳಲ್ಲಿ ಕೆಲವನ್ನು ಬಿಚ್ಚಲೇಬೇಕು, ಬಿಚ್ಚಿದರೆ ನೈಟ್ರೋಜನ್ ಹೋಗುತ್ತದೆ. ನೀನೇ ಚಾಕು ಹಾಕಿ ರಬ್ಬರ್ ಎಬ್ಬಿಸಬೇಡ. ಕೊಪ್ಪಳದ ಕಡೆ ಬಂದಾಗ ತಗೊಂಡು ಬಾ, ಯಾವ ಥರದ್ದು ಅಂತ ಕೂತು ನೋಡೋಣ.